ಫಿನ್‌ಲ್ಯಾಂಡಿನಲ್ಲಿ ಕೆರೆ ದಂಡೆಯ ದಿಮ್ಮಿ ಮನೆ: ಅಡ್ವಾನ್ಸ್ ಕೊಡುವ ಮುಂಚೆ ಓದಿ

ಫಿನ್‌ಲ್ಯಾಂಡಿನಲ್ಲಿ ಸ್ವಲ್ಪ ವರ್ಷ ಕಳೆದವರ ತಲೆಯಲ್ಲಿ ಒಂದು ಹುಳ ಹೊಕ್ಕೇ ಹೊಗುತ್ತದೆ. ನಮಗೂ ಕೆರೆ ದಂಡೆಯಲ್ಲಿ ಒಂದು ಮೊಕ್ಕಿ, ಅಂದರೆ ಬೇಸಿಗೆ ಮನೆ, ಬೇಕು ಅಂತ. ಈ ದೇಶದಲ್ಲಿ ಸುಮಾರು 1,88,000 ಕೆರೆಗಳಿವೆ, ಬೇಸಿಗೆ ಮನೆಗಳೇ ಸುಮಾರು 5 ಲಕ್ಷ ಇವೆ, ಆಸೆ ಆಗದೆ ಇರುತ್ತಾ? ಆದರೆ ಸೌನಾ (ಬಿಸಿ ಹಬೆ ಸ್ನಾನದ ಕೋಣೆ) ಎಲ್ಲಿ, ಜಗುಲಿ ಯಾವ ಕಡೆ ಅಂತ ನಕ್ಷೆ ಬರೆಯುವ ಮುಂಚೆ ಕಾಗದಪತ್ರದ ಕಡೆ ನೋಡಿ.

ಮೊದಲು ಪಾಸ್‌ಪೋರ್ಟ್. 2020ರ ಜನವರಿಯಿಂದ, ಯುರೋಪಿಯನ್ ಯೂನಿಯನ್ ಮತ್ತು ಇಇಎ (ಯುರೋಪಿಯನ್ ಎಕನಾಮಿಕ್ ಏರಿಯಾ) ದೇಶಗಳ ಹೊರಗಿನ ಪೌರರು ಜಮೀನು ಕೊಂಡರೆ ಇಲ್ಲಿನ ರಕ್ಷಣಾ ಸಚಿವಾಲಯದ ಅನುಮತಿ ಬೇಕು. ಪರ್ಮನೆಂಟ್ ರೆಸಿಡೆನ್ಸ್ ಇದ್ದರೂ ಬೇಕು. "ನಾನು ಎಸ್ಪೋದಲ್ಲಿ ಫ್ಲ್ಯಾಟ್ ತಗೊಂಡಾಗ ಯಾರೂ ಏನೂ ಕೇಳಲಿಲ್ಲವಲ್ಲ" ಅನ್ನುವವರು ಸಿಗುತ್ತಾರೆ. ಅವರು ಕೊಂಡದ್ದು ಹೌಸಿಂಗ್ ಕಂಪನಿಯ (ಕಟ್ಟಡದ ಒಡೆತನ ಇರುವ ಸಂಸ್ಥೆಯ) ಷೇರು, ಜಮೀನಲ್ಲ. ಮೊಕ್ಕಿ ಅಂದರೆ ಸಾಮಾನ್ಯವಾಗಿ ಜಮೀನೇ. ಅರ್ಜಿಯನ್ನು ಮೊದಲೇ ಹಾಕಬಹುದು, ಇಲ್ಲವೇ ಕ್ರಯ ಆದ ಎರಡು ತಿಂಗಳೊಳಗೆ. ಮೊದಲೇ ಹಾಕುವುದು ವಾಸಿ, ದುಡ್ಡು ಕೊಟ್ಟು ಆಮೇಲೆ ಕಾಯುವ ಗೋಳು ಯಾರಿಗೆ ಬೇಕು. ಓಲಂಡ್ ದ್ವೀಪಗಳ ಮೇಲೆ ಕಣ್ಣಿದ್ದರೆ ಅಲ್ಲಿನ ಕಾನೂನೇ ಬೇರೆ.

ಕ್ರಯಪತ್ರಕ್ಕೆ ಅಧಿಕೃತ ಸಾಕ್ಷಿಯ ಸಹಿ ಬೇಕು, ಅಥವಾ ಭೂಮಾಪನ ಇಲಾಖೆಯ ಆನ್‌ಲೈನ್ ಸೇವೆಯಲ್ಲಿ ಮುಗಿಸಬಹುದು. ಬೆಲೆಯ ಮೇಲೆ ಶೇ. 3 ವರ್ಗಾವಣೆ ತೆರಿಗೆ, ಅದು ಕಟ್ಟಿದ ಮೇಲೆ ನಿಮ್ಮ ಹೆಸರಿಗೆ ನೋಂದಣಿ. ಇಷ್ಟೇ.

ನಿಜವಾದ ತೊಡಕು ಇರುವುದು ಇಲ್ಲಿ: ಜಾಗ ನಿಮ್ಮದಾದ ಮಾತ್ರಕ್ಕೆ ಕಟ್ಟುವ ಹಕ್ಕು ನಿಮ್ಮದಾಗುವುದಿಲ್ಲ. ಬೆಂಗಳೂರಿನ ಸುತ್ತ ರೆವೆನ್ಯೂ ಸೈಟಿನ ಕತೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಡೆಗೆ ಮುನಿಸಿಪಾಲಿಟಿಯ ಪ್ಲಾನ್ ಇರುತ್ತದೆ, ಈ ತುಂಡಿನಲ್ಲಿ ಇಷ್ಟು ಚದರ ಮೀಟರ್, ಇಲ್ಲಿ ಮನೆ, ಇಲ್ಲಿ ಸೌನಾ ಅಂತ. ಪ್ಲಾನ್ ಇಲ್ಲದ ದಂಡೆಯಲ್ಲಿ ವಿಶೇಷ ವಿನಾಯಿತಿ ಕೇಳಬೇಕು, ಸಿಗುತ್ತದೆ ಅಂತ ನಂಬಿ ಕೂರಬೇಡಿ. 2025ರಿಂದ ಹೊಸ ಕಟ್ಟಡ ಕಾಯ್ದೆ ಬಂದಿದೆ, 30 ಚದರ ಮೀಟರಿಗಿಂತ ಚಿಕ್ಕದಕ್ಕೆ ಪರ್ಮಿಟ್ಟೇ ಬೇಡ ಅಂತ ಸ್ನೇಹಿತರು ಹೇಳಬಹುದು. ಅದು ಶೆಡ್ಡು, ಗೋದಾಮಿನಂಥ ಕಟ್ಟಡಗಳಿಗೆ. ವಾಸದ ಮನೆಗೆ ಸೈಜ್ ಏನೇ ಇರಲಿ ಪರ್ಮಿಟ್ ಬೇಕು. ಪರ್ಮಿಟ್ ಬೇಡದ ಶೆಡ್ಡೂ ಪ್ಲಾನ್ ಮೀರುವಂತಿಲ್ಲ. ನೀರಿನಿಂದ ಎಷ್ಟು ದೂರ ಬಿಡಬೇಕು ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ, ಆದ್ದರಿಂದ ಪಕ್ಕದ ಊರಿನ ಅಣ್ಣಂದಿರ ಮಾತಿಗಿಂತ ಆ ಊರಿನ ಕಟ್ಟಡ ಇನ್‌ಸ್ಪೆಕ್ಟರಿಗೆ ಒಂದು ಫೋನ್ ಮಾಡಿ. ಅವರು ಸಮಾಧಾನವಾಗಿಯೇ ಹೇಳುತ್ತಾರೆ.

ಇನ್ನು ಕಕ್ಕಸು. ದಂಡೆಯಿಂದ 100 ಮೀಟರ್ ಒಳಗೆ ಕೊಳೆನೀರಿನ ನಿಯಮ ಬಿಗಿ. ಫ್ಲಶ್ ಬೇಕೇ ಬೇಕು ಅಂದರೆ ಟ್ಯಾಂಕು, ಅದನ್ನು ಖಾಲಿ ಮಾಡುವ ಲಾರಿ, ಲಾರಿ ಬರಲು ರಸ್ತೆ, ಎಲ್ಲ ಖರ್ಚು. ಅದಕ್ಕೇ ಇಲ್ಲಿನವರು ಆರಾಮಾಗಿ ಹೊರಗಡೆ ಒಣ ಕಕ್ಕಸು ಇಟ್ಟುಕೊಳ್ಳುತ್ತಾರೆ. ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಈಗ ದಿಮ್ಮಿಗೆ ಬರೋಣ. ಹೆಚ್ಚಾಗಿ ಪೈನ್ ಮರ. ಇಡೀ ದಿಮ್ಮಿ ಒಣಗುತ್ತಾ ಕುಗ್ಗುತ್ತದೆ, ಗೋಡೆ ಪ್ರತಿ ಮೀಟರ್ ಎತ್ತರಕ್ಕೆ 2ರಿಂದ 5 ಸೆಂ.ಮೀ.ವರೆಗೂ ಕೆಳಗಿಳಿಯಬಹುದು. ಅಂಟಿಸಿ ಮಾಡಿದ ದಿಮ್ಮಿ ಕಡಿಮೆ ಇಳಿಯುತ್ತದೆ, ಇಳಿಯದಂಥ ದಿಮ್ಮಿಯೂ ಈಗ ಬಂದಿದೆ. ಗೋಡೆ ಹೀಗೆ ಇಳಿಯುವುದರಿಂದ ಕಿಟಕಿ ಬಾಗಿಲಿನ ಮೇಲೆ ಬೇಕಂತಲೇ ಜಾಗ ಬಿಟ್ಟು, ಉಣ್ಣೆ ತುಂಬಿ, ಪಟ್ಟಿ ಹೊಡೆದು ಮುಚ್ಚುತ್ತಾರೆ. ಇಟ್ಟಿಗೆ ಚಿಮಣಿ ಇಳಿಯುವುದಿಲ್ಲ, ಅದರ ಸುತ್ತಲೂ ಸಂದು ಬೇಕು. ಜಗುಲಿಯ ನೆಟ್ಟಗಿನ ಕಂಬವೂ ಕುಗ್ಗುವುದಿಲ್ಲ. ಅದಕ್ಕೆ ಕಂಬದ ಬುಡದಲ್ಲೋ ತುದಿಯಲ್ಲೋ ದಪ್ಪ ಸ್ಕ್ರೂ, ನಟ್ಟು ಇರುತ್ತದೆ. ಮೊದಲ ಕೆಲವು ವರ್ಷ ಆಗಾಗ ಸ್ಪ್ಯಾನರ್ ಹಿಡಿದು ಒಂದೊಂದು ಸುತ್ತು ಇಳಿಸುತ್ತಾ ಬರಬೇಕು. ಮರೆತರೆ ಚಾವಣಿಯ ಭಾರವೆಲ್ಲ ಕಂಬದ ಮೇಲೆ ಕೂತು, ಗೋಡೆಯ ದಿಮ್ಮಿಗಳ ನಡುವೆ ಬೆಳಕು ಕಾಣುವಷ್ಟು ಸಂದಾಗುತ್ತದೆ, ಬಾಗಿಲೂ ಕಚ್ಚಿಕೊಳ್ಳುತ್ತದೆ. ಅಡುಗೆಮನೆಯ ಕಪಾಟುಗಳನ್ನು ನೇರ ಗೋಡೆಗೆ ಸ್ಕ್ರೂ ಹೊಡೆದು ಬಿಗಿಮಾಡುವ ಮೇಸ್ತ್ರಿ ಸಿಕ್ಕರೆ ಕೆಲಸ ನಿಲ್ಲಿಸಿ. ಉದ್ದ ತೂತಿನ ಪಟ್ಟಿ ಹಾಕಿ ಜಾರಲು ಬಿಡಬೇಕು.

ಹೊರಗೋಡೆಗೆ ಮರ ಕಾಯುವ ಎಣ್ಣೆಯೋ ಬಣ್ಣವೋ, ತಡ ಮಾಡದೆ ಬಳಿಯಿರಿ. ದಿಮ್ಮಿಯ ಕೊಯ್ದ ತುದಿಗಳಿಗೆ ಜಾಸ್ತಿ, ನೀರು ಕುಡಿಯುವುದು ಅಲ್ಲೇ. ಒಳಗಡೆ ಸುಮ್ನೆ ಬಿಟ್ಟರೂ ನಡೆಯುತ್ತದೆ.

ಕಟ್ಟುವ ಕೆಲಸ ಶುರುವಾಗುವ ಮುಂಚೆ ಮುಖ್ಯ ವಿನ್ಯಾಸಕರು, ಜವಾಬ್ದಾರಿ ಹೊತ್ತ ಸೈಟ್ ಮೇಲ್ವಿಚಾರಕರು ಇಬ್ಬರ ಹೆಸರೂ ದಾಖಲೆಯಲ್ಲಿರಬೇಕು. ಕೊನೆಯ ತಪಾಸಣೆ ಮುಗಿಯುವ ತನಕ ಕಾಗದದಲ್ಲಿ ಮನೆ ಮುಗಿದಿಲ್ಲ. ಮನೆಯ ಕೆಲಸ ದುಡ್ಡು ಕೊಟ್ಟು ಮಾಡಿಸಿದ್ದಕ್ಕೆ ಇರುವ ತೆರಿಗೆ ವಿನಾಯಿತಿ ಹೊಸ ಕಟ್ಟಡಕ್ಕೆ ಸಿಗುವುದಿಲ್ಲ, ಮುಂದೆ ರಿಪೇರಿ ಮಾಡಿಸಿದಾಗ ಕೂಲಿಯ ಭಾಗಕ್ಕೆ ಸಿಗುತ್ತದೆ. ಮೊಕ್ಕಿಯಲ್ಲೇ ಖಾಯಂ ಇರುತ್ತೇನೆ ಅಂದರೆ ಬಳಕೆ ಬದಲಾವಣೆಗೆ ಮತ್ತೊಂದು ಪರ್ಮಿಟ್.

ಆಮೇಲೆ ರಸ್ತೆ. ಕಾಡಿನೊಳಗಿನ ಮಣ್ಣುರಸ್ತೆ ಹೆಚ್ಚಾಗಿ ಖಾಸಗಿ, ಅದನ್ನು ಬಳಸುವವರ ಸಂಘ ನೋಡಿಕೊಳ್ಳುತ್ತದೆ. ನಿಮ್ಮ ಜಾಗಕ್ಕೆ ದಾರಿ ಹಕ್ಕು ದಾಖಲೆಯಲ್ಲಿದೆಯಾ, ವರ್ಷದ ಪಾಲು ಎಷ್ಟು, ಚಳಿಗಾಲದಲ್ಲಿ ಹಿಮ ತೆಗೆಸುತ್ತಾರಾ, ಇವಿಷ್ಟನ್ನು ಮಾರುವವರ ಬಾಯಲ್ಲಿ ಕೇಳಿ ಬಿಡಬೇಡಿ, ಬರವಣಿಗೆಯಲ್ಲಿ ತಗೊಳ್ಳಿ.