ಕಣ್ಣಿನ ಕ್ಲಮೈಡಿಯಾ: ಲ್ಯಾಬ್‌ನಲ್ಲಿ ಪತ್ತೆ ಹಚ್ಚುವುದು ಹೇಗೆ?

ವಾರಗಟ್ಟಲೆ ಕಣ್ಣು ಕೆಂಪಗೇ ಇದೆ, ಗೀಜು ನಿಲ್ಲುತ್ತಿಲ್ಲ, ಮಾಮೂಲಿ ಡ್ರಾಪ್ಸ್‌ಗೂ ಜಗ್ಗುತ್ತಿಲ್ಲ. ಆಗ ವೈದ್ಯರಿಗೆ ಕ್ಲಮೈಡಿಯಾ ಟ್ರಕೋಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಬರುತ್ತದೆ. ಹುಟ್ಟಿ 5ರಿಂದ 14 ದಿನದೊಳಗೆ ಕೂಸಿನ ಕಣ್ಣು ಊದಿಕೊಂಡರೂ ಅಷ್ಟೇ. ಇದು ನಮ್ಮ ಜೀವಕೋಶದ ಒಳಗೆ ಹೊಕ್ಕೇ ಬೆಳೆಯುವ ಬ್ಯಾಕ್ಟೀರಿಯಾ. ಹಾಗಾಗಿ ಬರೀ ಕೀವು ತೆಗೆದು ಕಳಿಸಿದರೆ ಉಪಯೋಗ ಕಡಿಮೆ. ಜೀವಕೋಶಗಳೇ ಬೇಕು.

ಮೊದಲು ಸ್ಯಾಂಪಲ್. ಕಣ್ಣಿನ ಗೀಜನ್ನು ಒರೆಸಿ ತೆಗೆಯಬೇಕು. ಆಮೇಲೆ ರೆಪ್ಪೆಯನ್ನು ಮಗುಚಿ, ಒಳಮೈಯನ್ನು ಸ್ವಾಬ್‌ನಿಂದ ತಿರುಗಿಸುತ್ತಾ ಒತ್ತಿ ಉಜ್ಜಬೇಕು. ಟ್ರಕೋಮಾ (ಇದೇ ಬ್ಯಾಕ್ಟೀರಿಯಾದಿಂದ ಬರುವ, ಬಹುಕಾಲ ಕಾಡುವ ಕಣ್ಣಿನ ರೋಗ) ಅನುಮಾನವಿದ್ದರೆ ಮೇಲಿನ ರೆಪ್ಪೆಯೇ ಆಗಬೇಕು. ಸುಮ್ನೆ ಸವರಿದರೆ ಕೋಶಗಳು ಬರುವುದಿಲ್ಲ, ರಿಪೋರ್ಟ್ 'ನೆಗೆಟಿವ್' ಎನ್ನುತ್ತದೆ, ರೋಗ ಅಲ್ಲೇ ಉಳಿಯುತ್ತದೆ. ನನ್ನ ಪ್ರಕಾರ ಅರ್ಧ ಪರೀಕ್ಷೆ ಇಲ್ಲೇ ಮುಗಿದ ಹಾಗೆ. ಸ್ವಾಬ್ ಪಾಲಿಯೆಸ್ಟರ್ ತುದಿಯದ್ದಾಗಿದ್ದು, ಕಡ್ಡಿ ಪ್ಲಾಸ್ಟಿಕ್‌ನದ್ದಾಗಿರಲಿ. ಮರದ ಕಡ್ಡಿಯಿಂದ ಬಿಡುವ ಅಂಶಗಳು ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು. ಕಣ್ಣಿನ ತಪಾಸಣೆಗೆ ಬಳಸುವ ಹೊಳೆಯುವ ಫ್ಲೋರೆಸಿನ್ ಬಣ್ಣ ಹಾಕುವ ಮೊದಲೇ ಸ್ಯಾಂಪಲ್ ತೆಗೆದರೆ ಒಳ್ಳೆಯದು. ಮುಂದೆ ಹೇಳುವ ಫ್ಲೋರೆಸೆಂಟ್ ಪರೀಕ್ಷೆಯಲ್ಲಿ ಅದು ದಾರಿ ತಪ್ಪಿಸುತ್ತದೆ.

ಮುಂದಿನದು ಸ್ಲೈಡ್. ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶದ ನ್ಯೂಕ್ಲಿಯಸ್‌ಗೆ ಅಂಟಿಕೊಂಡು ಟೋಪಿಯಂತೆ ಕೂತ ಬ್ಯಾಕ್ಟೀರಿಯಾದ ನೀಲಿ-ನೇರಳೆ ಗುಂಪು ಕಾಣುತ್ತದೆ. ಹಾಲ್ಬರ್‌ಸ್ಟೆಡ್ಟರ್ ಮತ್ತು ಪ್ರೊವಾಜೆಕ್ ಎಂಬ ವಿಜ್ಞಾನಿಗಳು ಇದನ್ನು 1907ರಲ್ಲೇ ಗುರುತಿಸಿದ್ದರು. ಕೂಸುಗಳಲ್ಲಿ ಈ ಗುಂಪು ಚೆನ್ನಾಗಿ ಸಿಗುತ್ತದೆ, ದೊಡ್ಡವರಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಫ್ಲೋರೆಸೆಂಟ್ ಆ್ಯಂಟಿಬಾಡಿ (ಬ್ಯಾಕ್ಟೀರಿಯಾಕ್ಕೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನ್) ಹಾಕಿದರೆ ಬ್ಯಾಕ್ಟೀರಿಯಾ ಹಸಿರು ಚುಕ್ಕಿಗಳಾಗಿ ಮಿನುಗುತ್ತದೆ, ಆದರೆ ನೋಡುವ ಕಣ್ಣು ಪಳಗಿರಬೇಕು.

ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು, ಮಾಡುವುದಾದರೆ ಮಾಮೂಲಿ ಅಗಾರ್ ತಟ್ಟೆ ಸಾಲದು. ಮೆಕಾಯ್‌ನಂಥ ಜೀವಂತ ಕೋಶಗಳ ಮೇಲೆ ಬೆಳೆಸಿ, 48ರಿಂದ 72 ಗಂಟೆ ಕಾಯಬೇಕು. ಸ್ಯಾಂಪಲ್ಲನ್ನು ತಂಪಾಗಿಯೇ ಸಾಗಿಸಬೇಕು. ಖರ್ಚು, ತಾಪತ್ರಯ ಎರಡೂ ಜಾಸ್ತಿ.

ಹಾಗಾಗಿ ಈಗ ಹೆಚ್ಚಾಗಿ ನೆಚ್ಚಿಕೊಳ್ಳುವುದು ಪಿಸಿಆರ್ ಮಾದರಿಯ ಪರೀಕ್ಷೆಗಳನ್ನು. ಬ್ಯಾಕ್ಟೀರಿಯಾದ ಡಿಎನ್ಎ ತುಸುವೇ ಇದ್ದರೂ ಇವು ಹಿಡಿಯುತ್ತವೆ. ರಕ್ತಪರೀಕ್ಷೆ ಇಲ್ಲಿ ಅಷ್ಟು ನೆರವಾಗದು, ಹಳೆಯ ಸೋಂಕಿನ ಗುರುತೂ ಅದರಲ್ಲಿ ಉಳಿದಿರುತ್ತದಲ್ವಾ?

ಕೂಸಿನ ಕಣ್ಣಾದರೆ ಗ್ರಾಮ್ ಬಣ್ಣದ (ಇತರ ಬ್ಯಾಕ್ಟೀರಿಯಾ ಗುರುತಿಸುವ ಬಣ್ಣ) ಸ್ಲೈಡನ್ನೂ ತಕ್ಷಣ ನೋಡಲೇಬೇಕು. ಗೊನೊರಿಯಾ ಸೋಂಕಾಗಿದ್ದರೆ ಅದು ಬೇಗನೆ ಕಾರ್ನಿಯಾವನ್ನೇ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೂತು ಮಾಡಬಲ್ಲದು. ಕೂಸಿಗೆ ಕ್ಲಮೈಡಿಯಾ ಹೆರಿಗೆಯ ವೇಳೆ ತಾಯಿಯಿಂದ ಬರುವುದರಿಂದ, ಅದು ಖಚಿತವಾದರೆ ತಾಯಿಗೂ ಅವರ ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಬೇಕು. ಔಷಧಿ ಮುಗಿದ ಕೂಡಲೇ ಪಿಸಿಆರ್‌ಗೆ ಓಡಬೇಡಿ: ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯಿಂದ ಸುಮಾರು 3 ವಾರದವರೆಗೂ ಪಾಸಿಟಿವ್ ಬರಬಹುದು.