ಟ್ರೀ ಸ್ಟ್ಯಾಂಡ್ ಹತ್ತೋ ಮುಂಚೆ ಹಾರ್ನೆಸ್ ಹಾಕೊಳ್ಳೋದು ಹೇಗೆ?

ಅಮೆರಿಕದಲ್ಲಿ ಜಿಂಕೆ ಬೇಟೆ ಸೀಸನ್ ಶುರುವಾದ್ರೆ ಬೇಟೆಗಾರರು ಇನ್ನೂ ಕತ್ತಲೆ ಇರೋವಾಗ್ಲೇ ಕಾಡಿಗೆ ಹೋಗಿ ಟ್ರೀ ಸ್ಟ್ಯಾಂಡ್ ಹತ್ತಿ ಕೂತ್ಬಿಡ್ತಾರೆ. ಒಂಥರಾ ಅಟ್ಟಣೆ ಅದು, ಮರಕ್ಕೆ ಬಿಗಿದಿರೋ ಒಂದು ಸೀಟು, ಕಾಲಿಡೋಕೆ ಒಂದು ಜಾಲರಿ, ಅಷ್ಟೇ. ಸಾಮಾನ್ಯವಾಗಿ 15ರಿಂದ 20 ಅಡಿ ಎತ್ತರ ಇರುತ್ತೆ. 20 ಅಡಿ ಏನ್ ಮಹಾ ಅನ್ಸಬಹುದು, ಆದ್ರೆ ಅಲ್ಲಿಂದ ಬಿದ್ರೆ ನೆಲ ಮುಟ್ಟೋಕೆ ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಸಾಕು, ಮುಟ್ಟೋ ಹೊತ್ತಿಗೆ ವೇಗ ಗಂಟೆಗೆ ಹತ್ರಹತ್ರ 39 ಕಿಲೋಮೀಟರ್ ಆಗಿರುತ್ತೆ. ಏನಾದ್ರೂ ಹಿಡ್ಕೊಳ್ಳೋಣ ಅನ್ನೋಷ್ಟರಲ್ಲಿ ಕೆಳಗಿರ್ತೀರ.

ತಮಾಷೆ ಏನಂದ್ರೆ ಹಾರ್ನೆಸ್, ಅಂದ್ರೆ ಬಿದ್ರೆ ಮೈನ ಹಿಡಿಯೋ ಪಟ್ಟಿಗಳ ಕವಚನ, ಬ್ಯಾಗಲ್ಲಿ ಇಟ್ಕೊಂಡೇ ಬೀಳೋರಿದ್ದಾರೆ. ಮೇಲೆ ಹೋಗಿ ಕೂತ್ಮೇಲೆ ಕಟ್ಕೊಂಡ್ರಾಯ್ತು ಅಂತ ಲೆಕ್ಕ. ಆದ್ರೆ ಜಾಸ್ತಿ ಜನ ಬೀಳೋದು ಹತ್ತೋವಾಗ, ಇಳಿಯೋವಾಗ, ಇಲ್ಲಾಂದ್ರೆ ಏಣಿಯಿಂದ ಸ್ಟ್ಯಾಂಡಿಗೆ ಕಾಲು ದಾಟಿಸೋ ಆ ಒಂದು ಕ್ಷಣದಲ್ಲಿ. ಅದಕ್ಕೇ ಕಾಲು ನೆಲ ಬಿಟ್ಟಾಗಿಂದ ವಾಪಸ್ ನೆಲ ಮುಟ್ಟೋವರೆಗೂ ಮರಕ್ಕೆ ಕಟ್ಕೊಂಡೇ ಇರ್ಬೇಕು, ಮಧ್ಯ ಎಲ್ಲೂ ಬಿಚ್ಚೋ ಹಾಗಿಲ್ಲ.

ಮೊದಲು ಹಾರ್ನೆಸ್ ಯಾವುದು ಅಂತ ನೋಡಿ. ಭುಜ, ಎದೆ, ಎರಡೂ ತೊಡೆ ಹಿಡಿಯೋ ಫುಲ್ ಬಾಡಿ ಹಾರ್ನೆಸ್ಸೇ ಬೇಕು. ಬರೀ ಸೊಂಟದ ಬೆಲ್ಟ್ ಆದ್ರೆ ಬಿದ್ದಾಗ ಮೈಭಾರ ಪೂರ್ತಿ ಹೊಟ್ಟೆ ಮೇಲೆ ಬಂದು ಉಸಿರು ಕಟ್ಟುತ್ತೆ, ತಲೆಕೆಳಗಾಗಿ ಜಾರಿಹೋಗೋ ಚಾನ್ಸೂ ಇದೆ. ಅಮೆರಿಕದ ಕಟ್ಟಡ ಕೆಲಸಗಳಲ್ಲಿ ಬೀಳೋರನ್ನ ತಡೆಯೋಕೆ ಅಂತ ಇಂಥ ಬೆಲ್ಟ್ ಬಳಸೋದನ್ನ ಅಲ್ಲಿನ ಕಾರ್ಮಿಕರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಓಶಾ 1998ರ ಜನವರಿ 1ರಿಂದಲೇ ನಿಲ್ಲಿಸಿದೆ. ಲೇಬಲ್ ಮೇಲೆ ಎಷ್ಟು ತೂಕ ತಡೆಯುತ್ತೆ ಅಂತ ಇರುತ್ತೆ, ತುಂಬ ಮಾಡೆಲ್‌ಗಳಲ್ಲಿ 300 ಪೌಂಡ್, ಅಂದ್ರೆ 136 ಕೆಜಿ. ಅದ್ರಲ್ಲಿ ನಿಮ್ಮ ಜಾಕೆಟ್ಟು, ಬೂಟು, ಬ್ಯಾಗು ಎಲ್ಲಾ ಸೇರಿಸಿ ಲೆಕ್ಕ ಹಾಕಿ.

ಹಾಕೊಳ್ಳೋದು ನೆಲದ ಮೇಲೆ, ಬೆಳಕಿರೋ ಕಡೆ. ಹಿಂದುಗಡೆ ಇರೋ ಟೆದರ್, ಅಂದ್ರೆ ಹಾರ್ನೆಸ್ಸನ್ನ ಮರಕ್ಕೆ ಸಿಗಿಸೋ ಪಟ್ಟಿ, ಹಿಡಿದು ಒಮ್ಮೆ ಕೊಡವಿದ್ರೆ ಪಟ್ಟಿಗಳೆಲ್ಲ ತಾವಾಗೇ ನೇರ ಆಗುತ್ವೆ. ಆಮೇಲೆ ಅಂಗಿ ಥರ ಭುಜಕ್ಕೆ ಹಾಕಿ, ಎದೆ ಬಕಲ್, ಆಮೇಲೆ ತೊಡೆ ಬಕಲ್. ಪಟ್ಟಿ ಕೆಳಗೆ ಚಪ್ಪಟೆಯಾಗಿ ಅಂಗೈ ತೂರ್ಬೇಕು, ಮುಷ್ಟಿ ತೂರಿದ್ರೆ ಅದು ಸಡಿಲ. ಮಧ್ಯಾಹ್ನ ಬಿಸಿಲು ಬಂತು ಅಂತ ದಪ್ಪ ಜಾಕೆಟ್ ತೆಗೆದ್ರೆ ಪಟ್ಟಿ ಲೂಸ್ ಆಗುತ್ತೆ, ಅದಕ್ಕೆ ಕೆಳಗಿಳಿದು ಮತ್ತೆ ಬಿಗಿ ಮಾಡ್ಕೊಂಡು ಹತ್ತಿ.

ಈಗ ಮುಖ್ಯವಾದ್ದು, ಲೈಫ್‌ಲೈನ್. ಸ್ಟ್ಯಾಂಡಿನ ಮೇಲ್ಗಡೆ ತಲೆಗಿಂತ ಎತ್ತರದಲ್ಲಿ ಮರಕ್ಕೆ ಕಟ್ಟಿ ಬುಡದವರೆಗೂ ಇಳಿಬಿಡೋ ಹಗ್ಗ ಅದು, ಅದರ ಮೇಲೊಂದು ಪ್ರೂಸಿಕ್ ಗಂಟು ಇರುತ್ತೆ, ಟೆದರನ್ನ ತೆಗೆದು ಮುಚ್ಚೋ ಲೋಹದ ಕೊಕ್ಕೆ, ಅಂದ್ರೆ ಕ್ಯಾರಾಬಿನರ್‌ನಿಂದ ಆ ಗಂಟಿಗೆ ಸಿಗಿಸೋದು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಜನಕ್ಕೆ ತೋರಿಸಿಕೊಟ್ಟ ಗಂಟು ಇದು, ಕೈಯಲ್ಲಿ ತಳ್ಳಿದ್ರೆ ಸಲೀಸಾಗಿ ಜಾರುತ್ತೆ, ಭಾರ ಬಿದ್ರೆ ಹಗ್ಗನ ಕಚ್ಚಿ ಹಿಡಿಯುತ್ತೆ. ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ಗಂಟನ್ನೂ ತಲೆ ಮೇಲಕ್ಕೆ ತಳ್ತಾ ಹೋಗಿ, ತಳ್ಳಿ ಕೈ ತೆಗೀರಿ. ಗಂಟನ್ನೇ ಹಿಡ್ಕೊಂಡು ಹತ್ತೋರು ಇರ್ತಾರೆ, ಜಾರಿದಾಗ ಕೈ ಇನ್ನೂ ಬಿಗಿಯಾಗಿ ಹಿಡಿಯುತ್ತೆ ಅಲ್ವಾ, ಆಗ ಗಂಟು ಕಚ್ಚದೆ ನಿಮ್ಮ ಜೊತೆಗೇ ಜಾರ್ಕೊಂಡು ಬರಬಹುದು. ಮೊದಲ ಸಲ ಸ್ಟ್ಯಾಂಡ್ ಕಟ್ಟೋಕೆ ಹೋದಾಗ ಲೈಫ್‌ಲೈನ್ ಇನ್ನೂ ಇರಲ್ಲ, ಆಗ ಸೊಂಟದ ಎರಡೂ ಬದಿಯಿಂದ ಮರನ ಬಳಸಿ ಹಾಕೋ ಲೈನ್‌ಮನ್ ಬೆಲ್ಟ್ ಹಾರ್ನೆಸ್ ಜೊತೆಗೆ ಬೇಕು.

ಕೂತ್ಮೇಲೆ ಟೆದರ್ ಹೆಚ್ಚುಕಮ್ಮಿ ಬಿಗಿಯಾಗಿರ್ಲಿ. ಕತ್ತು ತಿರುಗಿಸೋಕೆ ಅಡ್ಡ ಆಗುತ್ತೆ ಅಂತ ಮೂರಡಿ ಸಡಿಲ ಬಿಟ್ರೆ ಅಷ್ಟು ದೂರ ಬಿದ್ದು ಜೋರಾಗಿ ಜಗ್ಗುತ್ತೆ, ಜೊತೆಗೆ ಸ್ಟ್ಯಾಂಡಿಗಿಂತ ಕೆಳಗೆ ನೇತಾಡ್ತೀರ, ವಾಪಸ್ ಹತ್ತೋಕೆ ಕೈಗೆ ಏನೂ ಸಿಗಲ್ಲ.

ನೇತಾಡೋದೂ ಸೇಫ್ ಅಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ತೊಡೆ ಪಟ್ಟಿ ಒತ್ತಿ, ಕಾಲು ಅಲ್ಲಾಡದೆ ರಕ್ತ ಕೆಳಗೇ ನಿಂತು ಪ್ರಜ್ಞೆ ತಪ್ಪಬಹುದು, ಜೀವನೂ ಹೋಗಬಹುದು. ಹಾರ್ನೆಸ್ ಜೊತೆ ಬರೋ ಸಸ್ಪೆನ್ಷನ್ ರಿಲೀಫ್ ಪಟ್ಟಿ ಕೈಗೆ ಸಿಗೋ ಜೇಬಲ್ಲಿರ್ಲಿ, ಅದರ ಕುಣಿಕೆಯಲ್ಲಿ ಪಾದ ಇಟ್ಟು ಎದ್ದು ನಿಂತ್ರೆ ತೊಡೆ ಮೇಲಿನ ಒತ್ತಡ ಇಳಿಯುತ್ತೆ. ಅದಿಲ್ಲಾಂದ್ರೆ ಮರಕ್ಕೆ ಕಾಲು ಒದೀತಾ ಇರಿ. ನಾನು ನೆಲದಿಂದ ಒಂದಡಿ ಮೇಲೆ ನೇತಾಡಿ ನೋಡಿದೀನಿ, ಪಕ್ಕದಲ್ಲಿ ಜನ ಇದ್ರು, ಎರಡೇ ನಿಮಿಷಕ್ಕೆ ತೊಡೆ ಉರಿ ಶುರು, ಆ ಪಟ್ಟಿ ಹುಡುಕೋಕೆ ಬೆರಳೇ ಬಗ್ತಿರಲಿಲ್ಲ. ನೀವೂ ಸೀಸನ್‌ಗೆ ಮುಂಚೆ ಒಮ್ಮೆ ಹೀಗೆ ಪ್ರಾಕ್ಟೀಸ್ ಮಾಡಿ, ಒಬ್ರೇ ಬೇಡ. ಫೋನು, ಸೀಟಿ ಮೈಮೇಲೇ ಇರ್ಲಿ, ಬ್ಯಾಗಲ್ಲಿದ್ರೆ ಅದು ಮೇಲೆ ಕೊಕ್ಕೆಯಲ್ಲಿ ನೇತಾಡ್ತಿರುತ್ತೆ, ನೀವು ಕೆಳಗೆ. ಯಾವ ಮರ, ಎಷ್ಟೊತ್ತಿಗೆ ವಾಪಸ್ ಅಂತ ಮನೇಲಿ ಹೇಳಿ ಹೋಗಿ.

ಬಂದೂಕು ಹಿಡ್ಕೊಂಡು ಹತ್ತಬೇಡಿ. ಗುಂಡು ತೆಗೆದು, ನಳಿಗೆ ಕೆಳಮುಖ ಮಾಡಿ ಹಗ್ಗಕ್ಕೆ ಕಟ್ಟಿ, ನೀವು ಕೂತ್ಮೇಲೆ ಎಳ್ಕೊಳ್ಳಿ. ಇಳಿಯೋವಾಗ ಹಾಗೇ ಮೊದಲು ಅದನ್ನ ಇಳಿಸಿ.

ಸೀಸನ್ ಮುಗಿದ್ಮೇಲೆ ಹಾರ್ನೆಸ್ಸು, ಲೈಫ್‌ಲೈನು ಮರದಲ್ಲೇ ಬಿಡಬೇಡಿ, ಬಿಸಿಲಿಗೆ ನೈಲಾನ್ ಹಾಳಾಗುತ್ತೆ, ಅಳಿಲು ಕಡಿಯುತ್ತೆ. ಹೊಲಿಗೆ ಬಿಟ್ಟಿದ್ರೆ, ಕಂಪನಿ ಹೇಳಿರೋ ವರ್ಷ ಮುಗಿದಿದ್ರೆ, ಇಲ್ಲಾ ಒಂದೇ ಒಂದು ಸಲ ಬಿದ್ದು ಅದು ನಿಮ್ಮನ್ನ ಹಿಡಿದಿದ್ರೂ ಅದರ ಕೆಲಸ ಮುಗೀತು. ಎಸೆಯೋ ಮುಂಚೆ ಪಟ್ಟಿಗಳನ್ನೆಲ್ಲ ಕತ್ತರಿಸಿ ಹಾಕಿ, ಚೆನ್ನಾಗಿದೆಯಲ್ಲ ಅಂತ ಇನ್ಯಾರೋ ಎತ್ಕೊಂಡು ಹೋಗಿ ಹಾಕೊಂಡ್ಬಿಡ್ತಾರೆ.