ತಲೆಗೆ ಏಟು ಬಿದ್ದ ಮೇಲೆ ನಿಧಾನಕ್ಕೆ ಸುಧಾರಿಸಿಕೊಂಡ ಬಗೆ

ತಲೆಗೆ ಏಟು ಬಿದ್ದವರಿಗೆ ಎರಡು ಕಷ್ಟ. ಒಂದು ಏಟಿನದು. ಇನ್ನೊಂದು, ಯಾಕೆ ಇನ್ನೂ ಸರಿ ಹೋಗ್ತಿಲ್ಲ ಅನ್ನುವ ಹೆದರಿಕೆಯದು. ನನ್ನನ್ನು ಎರಡನೆಯದೇ ಜಾಸ್ತಿ ಕಾಡಿತು.

ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ನಡೆಯುವಾಗ ಕಡಿದ ಕೊಂಬೆಯೊಂದು ಬೀಸಿಕೊಂಡು ಬಂದು ತಲೆಯ ಪಕ್ಕಕ್ಕೆ ಹೊಡೆಯಿತು. ಆಮೇಲಿನ ಸ್ವಲ್ಪ ಹೊತ್ತು ನನಗೆ ನೆನಪೇ ಇಲ್ಲ. ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದರು. ಒಳಗೆ ರಕ್ತ ಬಂದಿಲ್ಲ, ಮೂಳೆ ಮುರಿದಿಲ್ಲ, ಕನ್ಕಷನ್ ಆಗಿದೆ, ಅಂದರೆ ಏಟಿಗೆ ಮಿದುಳು ಅಲುಗಿದೆ ಅಂದರು. ಮೇಲಿಂದ ಮೇಲೆ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ನಡುರಾತ್ರಿಯಾದರೂ ಕರೆದುಕೊಂಡು ಬನ್ನಿ ಅಂತ ನನ್ನ ಹೆಂಡತಿಗೆ ಹೇಳಿ ಕಳಿಸಿದರು. ಅವಳು ಅಷ್ಟನ್ನೂ ಚೀಟಿಯಲ್ಲಿ ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸಿದಳು. ಆ ಚೀಟಿ ಮುಂದೆ ತುಂಬಾ ಕೆಲಸಕ್ಕೆ ಬಂತು.

ಅದರಲ್ಲಿ ಬರೆದಿದ್ದು ಯಾವುದೂ ಆಗಲಿಲ್ಲ. ಆಗಿದ್ದೇ ಬೇರೆ. ಹಾಜರಿ ಪುಸ್ತಕವಾದ ಚೆಕ್ ರೋಲ್ ತೆರೆದರೆ ಮೇಲಿನ ಸಾಲಿನ ಹಾಜರಿ ಕೆಳಗಿನ ಸಾಲಿಗೆ ಜಾರಿದ ಹಾಗೆ ಕಾಣುವುದು. ಮೇಸ್ತ್ರಿ ಹೇಳಿದ ಹೆಸರು ಬರೆಯುವಷ್ಟರಲ್ಲಿ ಮರೆತು ಹೋಗುವುದು. ಜೀಪಿನಲ್ಲಿ ಕೂತರೆ ಸಿಲ್ವರ್ ಮರಗಳ ಸಂದಿಯಿಂದ ಬಿಸಿಲು, ನೆರಳು ಪಟಪಟನೆ ಹಾಯುತ್ತದಲ್ವಾ, ಅಷ್ಟಕ್ಕೇ ತಲೆ ಸುತ್ತಿ ಹೊಟ್ಟೆ ತೊಳಸುವುದು. ‘ಸ್ಕ್ಯಾನಲ್ಲಿ ಏನೂ ಇಲ್ವಂತಲ್ಲ ರೈಟ್ರೇ, ಮತ್ತೇನು?’ ಅಂತ ಜನ ಕೇಳುವರು. ಏನು ಹೇಳುವುದು?

ಡಾಕ್ಟರು ಬಿಡಿಸಿ ಹೇಳಿದ ಮೇಲೆ ನನಗೆ ಸಮಾಧಾನವಾಯಿತು. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಮುರಿತ ಇಂಥದ್ದನ್ನು. ಕನ್ಕಷನ್‌ನಲ್ಲಿ ಕೆಡುವುದು ಮಿದುಳಿನ ಕೋಶಗಳು ಕೆಲಸ ಮಾಡುವ ರೀತಿ. ಅದು ಆ ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ನಾನು ಆ ಕೆಲವರಲ್ಲಿ ಒಬ್ಬ.

ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕು ಅಂತ ನೆಂಟರೆಲ್ಲ ಹೇಳಿದರು. ಈಗಿನ ವೈದ್ಯರು ಹಾಗೆ ಹೇಳುವುದಿಲ್ಲ. ಮೊದಲ 24ರಿಂದ 48 ಗಂಟೆ ಆರಾಮಾಗಿರಿ, ಮೊಬೈಲು, ಟೀವಿ ಕಡಿಮೆ ಮಾಡಿ, ಆಮೇಲೆ ಮೆಲ್ಲಗೆ ಓಡಾಡಿ ಅನ್ನುತ್ತಾರೆ. ಎಷ್ಟು ಓಡಾಡಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಹೊರಡುವ ಮುಂಚೆ ತಲೆನೋವಿಗೆ 10ಕ್ಕೆ ಎಷ್ಟು ಅಂಕ ಅಂತ ನೋಡಿಕೊಳ್ಳಬೇಕು. ನಡೆಯುವಾಗ ಒಂದೆರಡು ಅಂಕ ಏರಿ, ಒಂದು ಗಂಟೆಯೊಳಗೆ ಇಳಿದರೆ ತೊಂದರೆಯಿಲ್ಲ. ಅದಕ್ಕಿಂತ ಏರಿದರೆ ಅಲ್ಲಿಗೇ ನಿಲ್ಲಿಸಿ, ಮಾರನೇ ದಿನ ಸ್ವಲ್ಪ ಕಡಿಮೆ ಮಾಡಬೇಕು. ನಾನು ಮನೆಯಿಂದ ಕಾಫಿ ಒಣಗಿಸುವ ಕಣದವರೆಗಿನ ಸಮತಟ್ಟು ದಾರಿಯಿಂದ ಶುರು ಮಾಡಿದೆ. ಏರು ದಾರಿ ಹತ್ತಿದ್ದು ತುಂಬಾ ಆಮೇಲೆ. ಚೆಕ್ ರೋಲಿಗೂ ಇದೇ ಲೆಕ್ಕ. ಒಂದು ಪುಟ ಬರೆದು, ಎದ್ದು ಹೊರಗೆ ದೂರದ ಗುಡ್ಡ ನೋಡಿ, ಆಮೇಲೆ ಇನ್ನೊಂದು ಪುಟ. ಸಾಲು ಜಾರದ ಹಾಗೆ ಸ್ಕೇಲ್ ಇಟ್ಟು ಬರೆಯುತ್ತಿದ್ದೆ.

ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ಆಷಾಢದ ಮಳೆ, ಕರೆಂಟಿಲ್ಲದ ರಾತ್ರಿ. ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುವುದು, ತಲೆ ಹಗುರಾಗುವುದು, ಬೆರಳ ತುದಿ ಜುಮ್ಮೆನ್ನುವುದು. ಸ್ಕ್ಯಾನಲ್ಲಿ ಏನೋ ತಪ್ಪಿಹೋಗಿದೆ ಅಂತ ಮನಸ್ಸು ಕೂಗುವುದು. ಆಪ್ತಸಮಾಲೋಚಕಿಯೊಬ್ಬರು ಇದರ ಗುಟ್ಟು ಬಿಡಿಸಿದರು. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ತಲೆಸುತ್ತು, ಜುಮ್ಮೆನ್ನುವುದು ಅದರಿಂದಲೇ ಬರುತ್ತವೆ. ಏಟಿನ ತಲೆಸುತ್ತು ಗಾಬರಿ ತರುತ್ತದೆ, ಗಾಬರಿ ಮತ್ತೆ ತಲೆಸುತ್ತು ತರುತ್ತದೆ. ನಿಜವಾದ ತೊಂದರೆಯೇ, ಆದರೆ ಮಿದುಳು ಹೊಸದಾಗಿ ಕೆಡುತ್ತಿದೆ ಅಂತ ಅರ್ಥವಲ್ಲ.

ಅವತ್ತಿನಿಂದ ಹೀಗೆ ಮಾಡಿದೆ. ಗಾಬರಿ ಶುರುವಾದರೆ ಬಾಗಿಲಿನ ಚೀಟಿ ನೋಡುವುದು. ಅದರಲ್ಲಿರುವ ಒಂದಾದರೂ ಇದ್ದರೆ ಆಸ್ಪತ್ರೆ. ಇಲ್ಲದಿದ್ದರೆ, ಇದು ನನಗೆ ಗೊತ್ತಿರುವುದೇ ಅಂತ ಬಾಯಿಬಿಟ್ಟು ಹೇಳಿಕೊಂಡು, ಮೂಗಿನಿಂದ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡುವುದು. ಆಮೇಲೆ ಕೈಯಲ್ಲಿದ್ದ ಕೆಲಸವನ್ನೇ ಮುಂದುವರಿಸುವುದು. ಗಾಬರಿ ತಕ್ಷಣ ಹೋಗುತ್ತಿರಲಿಲ್ಲ. ಆದರೆ ಬರಬರುತ್ತಾ ಬೇಗ ಇಳಿಯತೊಡಗಿತು.

ನೋವಿನ ಅಂಕ ಬರೆದಿಡುತ್ತಿದ್ದುದು ದಿನಕ್ಕೆ ಒಂದೇ ಸಲ, ಸಂಜೆ. ಗಳಿಗೆಗೊಮ್ಮೆ ತಲೆ ಮುಟ್ಟಿ ನೋಡಿಕೊಂಡರೆ ನೋವು ಬೆಳೆಯುತ್ತದೆ. ನಿನ್ನೆಗೂ ಇವತ್ತಿಗೂ ತಾಳೆ ಹಾಕಬಾರದು. ವಾರದ ಕೂಲಿ ಬಟವಾಡೆ ದಿನ ಹಿಂದಿನ ಬಟವಾಡೆಯ ಪುಟದ ಜೊತೆ ಹೋಲಿಸುತ್ತಿದ್ದೆ. ದಿನದ ಲೆಕ್ಕದಲ್ಲಿ ಕಾಣದ ಸುಧಾರಣೆ ವಾರಗಳ ಲೆಕ್ಕದಲ್ಲಿ ಕಂಡಿತು. ‘ಈಗ ಹೇಗಿದೆ ರೀ?’ ಅಂತ ಪದೇ ಪದೇ ಕೇಳುವುದನ್ನು ಹೆಂಡತಿಯೂ ಬಿಟ್ಟಳು. ‘ಬನ್ನಿ, ಕಣದವರೆಗೆ ಹೋಗಿ ಬರೋಣ’ ಅನ್ನುವಳು. ಅವಳ ಈ ಮಾತಿನಷ್ಟು ಉಪಕಾರ ಯಾವ ಮಾತ್ರೆಯೂ ಮಾಡಲಿಲ್ಲ.

ಮಾತ್ರೆ ಅಂದ ಕೂಡಲೇ ಒಂದು ಮಾತು. ಪ್ಯಾರಾಸಿಟಮಾಲ್‌ನಂಥ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ಡಾಕ್ಟರನ್ನು ಕೇಳಿ ಮಿತಿ ಹಾಕಿಕೊಳ್ಳಿ. ನನ್ನ ತಲೆನೋವಿನ ಒಂದು ಪಾಲು ಕುತ್ತಿಗೆಯಿಂದ ಬರುತ್ತಿತ್ತು, ಅದು ಫಿಸಿಯೋಥೆರಪಿಯಿಂದ ಇಳಿಯಿತು. ತಲೆಸುತ್ತಿಗೂ ಫಿಸಿಯೋಥೆರಪಿಯವರೇ ವ್ಯಾಯಾಮ ಕಲಿಸಿದರು. ಹೆಬ್ಬೆರಳನ್ನು ಕಣ್ಣೆದುರು ಹಿಡಿದು, ನೋಟ ಕದಲಿಸದೆ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುವುದು. ಅವರು ಪರೀಕ್ಷೆ ಮಾಡಿ ಹೇಳಿಕೊಟ್ಟ ಮೇಲೆಯೇ ಮಾಡಿ. ನಿದ್ದೆಗಾಗಿ ಮಧ್ಯಾಹ್ನದ ಮೇಲಿನ ಕಾಫಿ ಬಿಟ್ಟೆ. ಕಾಫಿ ತೋಟದಲ್ಲಿ ಅದು ಸುಲಭವಲ್ಲ.

ಮನಸ್ಸು ತೀರಾ ಕುಗ್ಗಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅರೇಬಿಕಾ ಕುಯ್ಲಿನ ಹೊತ್ತಿಗೆ ಸಂಜೆಯ ತೂಕಕ್ಕೆ ನಿಂತೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ, ಆಗ ಹೊರಗೆ ಹೋಗಿ ನಿಲ್ಲುತ್ತೇನೆ. ಬೈಕ್ ಹತ್ತಿದ್ದು ಡಾಕ್ಟರು ಸರಿ ಅಂದ ಮೇಲೆಯೇ. ಪೂರ್ತಿ ವಾಸಿಯಾಗದ ತಲೆಗೆ ಇನ್ನೊಂದು ಏಟು ಬಿದ್ದರೆ ಅಪಾಯ ಜಾಸ್ತಿ. ಸಾಹುಕಾರರ ಹತ್ತಿರ ಮಾತಾಡಿ ಮರಗಸಿಯ ಆಳುಗಳಿಗೆಲ್ಲ ಹೆಲ್ಮೆಟ್ ತರಿಸಿದ್ದೇವೆ. ಕೊಂಬೆ ಇಳಿಸುವಾಗ ಮರದ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳುವ ಕೆಲಸ ಈಗ ನನ್ನದು.